ಮೂರನೆಯ ಹೆಸರು

ಗ್ವಾಂಗ್ಜುವಿನ ನಮ್ಮ ಚರ್ಚ್ ರೇಡಿಯೋಗೆ ಐವತ್ತು ತುಂಬಿತೆಂದು ದಪ್ಪನೆಯ ಇತಿಹಾಸದ ಪುಸ್ತಕ ತಂದಿದ್ದಾರೆ. ಮೂವತ್ತು ವರ್ಷ ದುಡಿದ ನನ್ನ ಹೆಸರು ಅದರಲ್ಲಿ ಒಂದೇ ಕಡೆ ಇದೆ, 'ಪ್ರಸಾರದ ಅವಘಡಗಳು' ಎಂಬ ಪುಟದಲ್ಲಿ: "ಮುಂಜಾವದ ಪ್ರಾರ್ಥನೆ. ಓದಿದವರು ಮೋಕ್ ಯಾಂಗ್‌ನಿಮ್. ಒಂಬತ್ತು ಸೆಕೆಂಡ್ ಮೌನ. ಕಾರಣ: ಅಜಾಗರೂಕತೆ." ಅಜಾಗರೂಕತೆಯಂತೆ! ಹಾಗೆ ಬರೆಯಲು ಕೈ ಹೇಗೆ ಬಂತೋ.

ಸಾವಿರದ ಒಂಬೈನೂರ ಎಂಬತ್ತರ ಚಳಿಗಾಲದಲ್ಲಿ ಸರ್ಕಾರ ನಮ್ಮ ವಾರ್ತೆಯನ್ನು ನಿಲ್ಲಿಸಿತು. ಕೀರ್ತನೆ ಹಾಡಿ, ಪ್ರವಚನ ಹೇಳಿ, ಉಳಿದದ್ದಕ್ಕೆ ಬಾಯಿ ಮುಚ್ಚಿಕೊಂಡಿರಿ ಎಂದರು. ವಾರ್ತೆ ಓದುತ್ತಿದ್ದ ನನಗೆ ಬೆಳಗಿನ ಐದರ ಪ್ರಾರ್ಥನೆಯಲ್ಲಿ ಕಾಯಿಲೆಯವರ ಹೆಸರು ಓದುವ ಕೆಲಸ ಸಿಕ್ಕಿತು.

ಆ ವಾರವೇ ಮಾರ್ಕೆಟ್ಟಿನಲ್ಲಿ ಒಣಮೀನು ಮಾರುವ ಹೆಂಗಸೊಬ್ಬಳು ಬಂದಳು. ಅದೇ ವರ್ಷದ ಮೇ ತಿಂಗಳಲ್ಲಿ, ಸರ್ಕಾರದ ವಿರುದ್ಧ ಎದ್ದ ಜನರನ್ನು ಅಡಗಿಸಲು ನಮ್ಮೂರ ಬೀದಿಗೆ ಸೈನ್ಯ ಇಳಿದಾಗ, ಮನೆಯಿಂದ ಹೊರಟ ಹತ್ತೊಂಬತ್ತರ ಮಗ ಇನ್‌ಸಿಕ್ ಹಿಂತಿರುಗಿರಲಿಲ್ಲ. ಠಾಣೆಯಲ್ಲಿ ಕೇಳಿದರೆ ಅಂಥವನೇ ಇಲ್ಲ ಎಂದಿದ್ದರು.

"ಕಾಯಿಲೆಯವರ ಪಟ್ಟೀಲಿ ಹಾಕಮ್ಮ," ಎಂದಳು. "ನಮ್ಮ ಚರ್ಚಲ್ಲಿ ಸತ್ತವರಿಗೆ ಪ್ರಾರ್ಥನೆ ಮಾಡೋ ಹಾಗಿಲ್ವಲ್ಲ. ನೀನು ಓದ್ತಾ ಇರೋವರೆಗೂ ನನ್ನ ಪಾಲಿಗೆ ಅವನು ಬದುಕಿರ್ತಾನೆ."

ಹಾಕಿದೆ. ಪಟ್ಟಿಯಲ್ಲಿ ಮೂರನೆಯವನು. ನಾವು ಓದುವುದನ್ನೆಲ್ಲ ಮೊದಲೇ ತಪಾಸಣೆ ಮಾಡಲು ಬರುತ್ತಿದ್ದ ಅಧಿಕಾರಿ, "ಇವನಿಗೇನು ಕಾಯಿಲೆ?" ಎಂದ. ಹೊಟ್ಟೆನೋವು ಎಂದೆ. ತಿಂಗಳು ಕಳೆದು, "ಇನ್ನೂ ವಾಸಿಯಾಗಿಲ್ವಾ?" ಎಂದು ನಕ್ಕ. ನಿಮ್ಮ ಕೈಗುಣ ಸಾರ್ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಡಲಿಲ್ಲ. ಹೆದರುಪುಕ್ಕಲಿ ನಾನು.

ಆ ಹೆದರಿಕೆಗೇ ಕೆಲವು ದಿನ ಮೂರನೆಯ ಹೆಸರನ್ನು ಗಡಿಬಿಡಿಯಲ್ಲಿ ಓದಿ ಮುಂದಕ್ಕೆ ಹೋಗುತ್ತಿದ್ದೆ. ಅಂಥ ದಿನ ಎಂಟು ಗಂಟೆಗೆಲ್ಲ ಆಕೆ ಬಾಗಿಲಲ್ಲಿ.

"ಏನೇ ರೇಡಿಯೋ, ಬಾಯಲ್ಲಿ ಬಿಸಿ ಗೆಣಸು ಇಟ್ಕೊಂಡಿದ್ಯಾ? ನನ್ನ ಮಗನ ಹೆಸರು ನುಂಗ್ಬಿಟ್ಯಲ್ಲ!"

ಬೈದು ಮುಗಿಸಿ, ಒಣಮೀನಿನ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು ಹೋಗುವಳು.

ಏಳು ವರ್ಷಕ್ಕೆ ವಾರ್ತೆ ಮರಳಿ ಬಂತು. ನನ್ನನ್ನು ಕರೆದರು, ನಾನು ಹೋಗಲಿಲ್ಲ. ಪಟ್ಟಿಯ ಉಳಿದವರು ಗುಣವಾದರು, ಇಲ್ಲವೇ ತೀರಿಕೊಂಡರು. ಮೂರನೆಯದು ಮಾತ್ರ ಅಲ್ಲೇ ಇತ್ತು. ನನ್ನ ಸ್ವಂತ ತಮ್ಮನನ್ನೂ ನಾನು ಅಷ್ಟು ಸಲ ಹೆಸರು ಹಿಡಿದು ಕರೆದಿರಲಿಕ್ಕಿಲ್ಲ. ಆಕೆಯ ಸೊಂಟ ಬಾಗಿತು, ನನಗೆ ಕನ್ನಡಕ ಬಂತು, ಇನ್‌ಸಿಕ್‌ಗೆ ಹತ್ತೊಂಬತ್ತೇ.

ಇಪ್ಪತ್ತೆರಡನೆಯ ವರ್ಷ, ಹೆಸರಿಲ್ಲದ ಗೋರಿಯೊಂದರ ಮೂಳೆಗೂ ಆಕೆಯ ರಕ್ತಕ್ಕೂ ಡಿಎನ್ಎ ಪರೀಕ್ಷೆಯಲ್ಲಿ ತಾಳೆಯಾಯಿತು. ಮರುದಿನ ಮಧ್ಯಾಹ್ನ ಬಂದಳು. ಬೈಯಲಿಲ್ಲ.

"ನಾಳೆಯಿಂದ ಓದ್ಬೇಡ ಮಗಳೇ."

ಪಕ್ಕದಲ್ಲಿದ್ದ ಪಾದ್ರಿಗಳು, "ಇರಲಿ ಬಿಡಿ ತಾಯಿ, ಇನ್ನೊಂದು ತಿಂಗಳು ಓದಿದ್ರೆ ದೇವರೇನು ಮುನಿಸ್ಕೊಳಲ್ಲ," ಎಂದರು.

"ಇಷ್ಟು ದಿನ ಗೊತ್ತಿರಲಿಲ್ಲ, ಓದಿಸ್ದೆ. ಈಗ ಗೊತ್ತಾಯ್ತಲ್ಲ, ಸ್ವಾಮಿ. ದೇವರ ಮುಂದೆ ಸುಳ್ಳಾಡ್ಬಾರ್ದು."

ಇನ್‌ಸಿಕ್‌ನ ಹೆಸರಿದ್ದ ಹಳೆಯ ಚೀಟಿಯನ್ನು ನನ್ನಿಂದ ಕೇಳಿ ಪಡೆದು, ಮಡಿಸಿ, ಚಿಲ್ಲರೆ ಹಾಕುವ ಸೊಂಟದ ಚೀಲದಲ್ಲಿಟ್ಟುಕೊಂಡಳು. ಆಕೆ ಹೋದ ಮೇಲೆ ಕೂತು ಅತ್ತೆ.

ಮರುದಿನ ಮುಂಜಾನೆ ಮೊದಲ ಹೆಸರು ಓದಿದೆ, ಎರಡನೆಯದು ಓದಿದೆ. ನಾಲ್ಕನೆಯದು ಈಗ ಮೂರನೆಯದಾಗಿತ್ತು. ಅಕ್ಷರ ಕಣ್ಣಿಗೆ ಕಾಣುತ್ತಿತ್ತು, ಬಾಯಿ ತೆರೆಯಲಿಲ್ಲ. ಅವನ ಜಾಗದಲ್ಲಿ ಬೇರೆಯವರನ್ನು ಕೂರಿಸಲು ನನ್ನಿಂದಾಗಲಿಲ್ಲ. ಗಾಜಿನಾಚೆ ಇಂಜಿನಿಯರ್ ಗಾಬರಿಯಿಂದ ಕೈ ಬೀಸುತ್ತಿದ್ದ. ಮೌನ ಐದು ಸೆಕೆಂಡ್ ದಾಟಿದರೆ ಅವಘಡ ಎಂದು ಬರೆಯಬೇಕು ನಮ್ಮಲ್ಲಿ. ಬರೆದುಕೊಳ್ಳಲಿ ಎನಿಸಿತು. ಆಮೇಲೆ ಮುಂದಿನ ಹೆಸರು ಓದಿದೆ.

ಆರು ಗಂಟೆಗೆ ಫೋನ್ ಬಂತು. ಆಕೆಯೇ.

"ಕೇಳಿಸ್ತು ಕಣೇ," ಎಂದಳು. "ಇವತ್ತು ಒಂಚೂರೂ ನುಂಗ್ಲಿಲ್ಲ ನೀನು."