ಎರಡು ದನಿಯ ಸೈಕಲ್ ಬೆಲ್ಲು

ಹಳೇ ಸಾಮಾನಿನ ಸಂತೆಯಲ್ಲಿ ಅಂದು ದರ್ಜಿಗೆ ಸಿಕ್ಕಿದ್ದು ಧೂಳು ಮಾತ್ರ. ಬೆಳಿಗ್ಗೆಯಿಂದ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ತಿರುಗಿದ್ದ. ತುಕ್ಕು ಹಿಡಿದ ಕತ್ತರಿ, ಕಿವಿ ಮುರಿದ ಕಪ್ಪು, ಯಾರದೋ ಮದುವೆಯ ಫೋಟೋ, ಎಲ್ಲ ಇತ್ತು. ಸೈಕಲ್ ಬೆಲ್ಲು ಮಾತ್ರ ಒಂದೂ ಇಲ್ಲ. ವಿಚಾರಿಸಿದಲ್ಲೆಲ್ಲ ಒಂದೇ ಉತ್ತರ. "ಫೋನಲ್ಲಿ ಹಾಕಿದೀವಿ, ಅಲ್ಲೇ ನೋಡಿ." ಎದುರಿಗೆ ನಿಂತ ಗಿರಾಕಿಗೆ ಫೋನು ನೋಡು ಅನ್ನುವ ಕಾಲ ಬಂತಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಬೆಲ್ಲಿನ ಹುಚ್ಚು ಅವನೊಬ್ಬನದಲ್ಲ, ಅಕ್ಕನದೂ ಹೌದು. ಶಾಲೆಗೆ ಹೋಗುವಾಗಲೇ ಹಿಡಿದದ್ದು. ಅಕ್ಕ ಟೈಪಿಂಗ್ ಕಲಿಸಿ ನಿವೃತ್ತಳಾದವಳು, ಇವನಿಗೂ ಅರವತ್ತು ಹತ್ತಿರ ಬಂತು. ಈಗ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಆ ಮನೆಯಲ್ಲಿ ಒಂದು ಸೈಕಲ್ಲೂ ಇಲ್ಲ, ಗೋಡೆ ತುಂಬ ಬೆಲ್ಲುಗಳು. ಪ್ರತಿ ಭಾನುವಾರ ಇಬ್ಬರೂ ಜೊತೆಯಾಗಿ ಸಂತೆಗೆ ಬರುತ್ತಿದ್ದರು. ಅಕ್ಕ ಹುಡುಕುವವಳು, ತಮ್ಮ ಬಾರಿಸಿ ನೋಡುವವನು, ಚೌಕಾಸಿಗೆ ಇಬ್ಬರೂ.

ಹೋದ ವರ್ಷ ಇದೇ ಸಂತೆಯಲ್ಲಿ ಟಾರ್ಪಾಲಿನ ಹಗ್ಗಕ್ಕೆ ಎಡವಿ ಅಕ್ಕ ಬಿದ್ದಳು. ಕಾಲು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು, "ಇನ್ನು ಓಡಾಡಿ, ಏನೂ ತೊಂದ್ರೆ ಇಲ್ಲ" ಅಂದರು. ಅಕ್ಕ ಓಡಾಡಲಿಲ್ಲ, ಹೊಸ ಫೋನು ಕೊಂಡಳು. ಆಮೇಲೆ ಮನೆಗೆ ಡಬ್ಬಿಗಳು ಬರತೊಡಗಿದವು.

"ಕೈಯಲ್ಲಿ ಹಿಡ್ದು ಬಾರಿಸಿ ನೋಡ್ದೆ ತಗೊಳ್ಳೋದೂ ಒಂದು ತಗೊಳ್ಳೋದಾ?" ಎಂದು ಇವನು ಪ್ರತಿ ವಾರ ರೇಗುತ್ತಿದ್ದ.

"ನೀನು ಬಿಸಿಲಲ್ಲಿ ಒಣಗಿ ಬರಿಗೈಲಿ ಬರ್ತೀಯ. ನಾನು ಮಂಚದ ಮೇಲೆ ಕೂತು ತರಿಸ್ಕೋತೀನಿ. ಹೇಳು ಮೊಂಡಾ, ಯಾರು ಜಾಣರು?"

ಮೊಂಡ ಅನ್ನುವುದು ಚಿಕ್ಕಂದಿನಲ್ಲಿ ಅವಳೇ ಇಟ್ಟ ಹೆಸರು. ತರಿಸಿಕೊಂಡ ಬೆಲ್ಲುಗಳಲ್ಲಿ ಒಂದು ನೆಗಡಿಯಾದವರಂತೆ ಗೊರಗುಟ್ಟಿತು, ಇನ್ನೊಂದು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಇವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಗೋಡೆಗೆ ಮೊಳೆ ಹೊಡೆದು ಅವನ್ನೂ ತೂಗುಹಾಕಿದಳು. ಸೋಮಾರಿತನ ಎಂದೇ ಇವನು ತೀರ್ಮಾನಿಸಿದ್ದ. ಒಬ್ಬನೇ ಸಂತೆ ಸುತ್ತುವುದು ಅವನಿಗೆ ಬೇಜಾರಾಗುತ್ತಿತ್ತು. ಸಿಕ್ಕಿದ್ದನ್ನು ತೋರಿಸಲು ಪಕ್ಕದಲ್ಲಿ ಯಾರೂ ಇಲ್ಲವಲ್ಲ! ಅವಳನ್ನು ಹೇಗಾದರೂ ಮಾಡಿ ಮತ್ತೆ ಹೊರಗೆಳೆಯಬೇಕು ಅನ್ನುವುದೊಂದೇ ಅವನ ಹಟ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಸಂತೆಯ ಕೊನೆಯ ಅಂಗಡಿ ಮುಟ್ಟಿದ. ಅಂಗಡಿಯವನು ಹಣೆಯ ಮೇಲೊಂದು, ಮೂಗಿನ ಮೇಲೊಂದು ಕನ್ನಡಕ ಹಾಕಿಕೊಂಡು ಏನೋ ಪ್ಯಾಕ್ ಮಾಡುತ್ತಿದ್ದ. ಅವನ ಮುಂದಿನ ಮೇಜಿನ ಮೇಲೆ ದಪ್ಪ ಹೊಟ್ಟೆಯ ಒಂದು ಬೆಲ್ಲು ಇತ್ತು. ದರ್ಜಿ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದ. ಮೊದಲು ಸಣ್ಣಗೆ 'ಟಿಣ್', ಅದರ ಹಿಂದೆಯೇ ದಪ್ಪಗೆ 'ಟೊಣ್'.

ಎರಡು ದನಿಯ ಬೆಲ್ಲು! ಹಿಂದೊಮ್ಮೆ ಇಂಥದ್ದೇ ಒಂದನ್ನು ಇವರ ಚೌಕಾಸಿ ಮುಗಿಯುವುದರೊಳಗೆ ಇನ್ಯಾರೋ ಎತ್ತಿಕೊಂಡು ಹೋಗಿದ್ದರು. ಅಂದಿನಿಂದ ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದದ್ದು ಇದನ್ನೇ.

"ಎಷ್ಟಾದ್ರೂ ಸರಿ, ಕೊಡಿ."

"ಹೋಯ್ತು ಯಜಮಾನ್ರೇ. ಈಗಷ್ಟೇ ಫೋನಲ್ಲಿ ಹೋಯ್ತು."

"ಎಲ್ಲಿ ಹೋಯ್ತು? ನನ್ನ ಕೈಯಲ್ಲೇ ಇದ್ಯಲ್ರೀ!"

ಅಂಗಡಿಯವನು ಪಕ್ಕದಲ್ಲಿದ್ದ ಖಾಲಿ ಡಬ್ಬಿಯ ಮೇಲಿನ ಚೀಟಿ ತೋರಿಸಿದ. ಅಕ್ಕನ ಹೆಸರು, ಇವನದೇ ಮನೆಯ ವಿಳಾಸ.

ದರ್ಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಇವಳು ನಮ್ಮಕ್ಕ! ಇದು ನಮ್ಮನೆ! ಕೊಡಿ ಇಲ್ಲಿ, ನಾನೇ ತಗೊಂಡು ಹೋಗ್ತೀನಿ."

"ಆಗಲ್ಲ. ಕೊರಿಯರ್‌ನವನು ಸ್ಕ್ಯಾನ್ ಮಾಡ್ದೆ ಇದ್ರೆ ಕಂಪನಿಯಿಂದ ನನಗೆ ದುಡ್ಡು ಬರಲ್ಲ. ಅವನು ಇನ್ನೇನು ಬರ್ತಾನೆ. ಇಲ್ಲಾಂದ್ರೆ ಆರ್ಡರ್ ಮಾಡಿದವರೇ ಖುದ್ದಾಗಿ ಬಂದು ತಗೋಬೇಕು."

ದರ್ಜಿ ಕೂಗಾಡಿದ, ಗೋಗರೆದ, ಮನೆಯ ಬೀಗದ ಕೈ ತೆಗೆದು ತೋರಿಸಿದ. ಕಲ್ಲಿನ ಮುಂದೆ ಮಾತಾಡಿದ ಹಾಗಾಯಿತು. ಅಷ್ಟರಲ್ಲಿ ಅಂಗಡಿಯವನ ಕೊನೆಯ ಮಾತು ತಲೆಯೊಳಗೆ ಇಳಿಯಿತು. ಖುದ್ದಾಗಿ ಬಂದು! ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗಬೇಕು? ಅಲ್ಲೇ ನಿಂತು ಅಕ್ಕನಿಗೆ ಫೋನು ಹಚ್ಚಿದ.

"ಅಕ್ಕಾ, ಕೇಳಿಲ್ಲಿ." ಬೆಲ್ಲನ್ನು ಫೋನಿನ ಹತ್ತಿರ ಹಿಡಿದು ಬಾರಿಸಿದ.

"ಅಯ್ಯೋ, ಅದೇ ಕಣೋ! ಅದೇ ದನಿ!" ಅವಳ ಮಾತಿನಲ್ಲಿ ಚಿಕ್ಕ ಹುಡುಗಿಯ ಸಂಭ್ರಮವಿತ್ತು.

"ಕೊರಿಯರ್‌ನವನು ಬರಲ್ವಂತೆ. ನೀನೇ ಬಂದು ತಗೋಬೇಕಂತೆ, ಇಲ್ದಿದ್ರೆ ಬೇರೆಯವರಿಗೆ ಕೊಟ್ಬಿಡ್ತಾರಂತೆ. ಟ್ಯಾಕ್ಸಿ ಕಳಿಸ್ತೀನಿ, ಬಾ."





"ಕ್ಯಾನ್ಸಲ್ ಮಾಡಿಸ್ಬಿಡು."

"ಏನಂದೆ?"

"ಬೇಡ ಅಂದೆ. ಬೇರೆಯವರಿಗೇ ಕೊಡ್ಲಿ."

ದರ್ಜಿಯ ತಾಳ್ಮೆ ಅಲ್ಲಿಗೆ ಮುಗಿಯಿತು. "ಸೋಮಾರಿತನಕ್ಕೂ ಒಂದು ಮಿತಿ ಇರ್ಬೇಕು! ಇಷ್ಟು ವರ್ಷ ಹುಡುಕಿದ್ದು ಕೈಗೆ ಸಿಕ್ಕಿದೆ, ನಾಲ್ಕು ಹೆಜ್ಜೆ ಬರೋಕೆ ನಿನಗೇನು ಕಷ್ಟ? ಡಾಕ್ಟರು ಏನಂದ್ರು? ಕಾಲು ಸರಿಹೋಗಿಲ್ವಾ?"

"ಕಾಲು ಸರಿಯಾಗೇ ಇದೆ ಕಣೋ. ನನಗೆ ಭಯ."

"ಎಂಥಾ ಭಯ? ಅವತ್ತು ನಾನು ತಕ್ಷಣ ಓಡ್ಬಂದು ಎತ್ತಲಿಲ್ವಾ?" ಈ ಮಾತನ್ನು ಅವನು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದ.

"ತಕ್ಷಣ ಅಲ್ಲ ಮೊಂಡಾ. ತುಂಬ ಹೊತ್ತು ಬಿದ್ದಿದ್ದೆ. ಜನ ನನ್ನ ದಾಟ್ಕೊಂಡು ಹೋದ್ರು. ನಿನ್ನ ಬೆನ್ನು ಕಾಣಿಸ್ತಿತ್ತು. ಕೂಗ್ದೆ, ಕೂಗ್ದೆ. ನೀನು ಬೆಲ್ಲು ಬಾರಿಸ್ತಾ ಇದ್ದೆ, ನಿನಗೆ ಕೇಳಿಸ್ಲಿಲ್ಲ."

ಸುತ್ತ ಸಂತೆ ತನ್ನ ಪಾಡಿಗೆ ಗದ್ದಲ ಮಾಡುತ್ತಿತ್ತು. ಒಂದು ವರ್ಷದಿಂದ ಪ್ರತಿ ವಾರ ತಾನು ಅವಳನ್ನು ಆಡಿಕೊಂಡದ್ದೆಲ್ಲ ನೆನಪಾಗಿ, ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇದನ್ನ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅವನು ಬೆಲ್ಲನ್ನು ಮೇಜಿನ ಮೇಲಿಟ್ಟ. ಅಂಗಡಿಯವನು ಅದನ್ನು ಹಳೇ ಪೇಪರಿನಲ್ಲಿ ಸುತ್ತತೊಡಗಿದ.

"ಅಕ್ಕಾ, ಕೊರಿಯರ್‌ನವನು ಬರ್ತಾನೆ. ನಿನ್ನ ಇಲ್ಲಿಗೆ ಕರೆಸೋಕೆ ಸುಳ್ಳು ಹೇಳ್ದೆ."

ಬೈಗುಳಕ್ಕೆ ಕಾದ. ಅವಳು ಬೈಯಲಿಲ್ಲ. "ಹಾಗಾದ್ರೆ ಕ್ಯಾನ್ಸಲ್ ಮಾಡಿಸ್ಬೇಡ" ಅಂದಳು. ಮತ್ತೆ, ಅವನು ಕೇಳದೆಯೇ ಹೇಳಿದಳು. "ನೀನು ಸಂತೆಗೆ ಹೋದ ಮೇಲೆ ಪ್ರತಿ ವಾರ ಚಪ್ಪಲಿ ಹಾಕ್ಕೋತೀನಿ. ಬಾಗಿಲ ತನಕ ಹೋಗ್ತೀನಿ. ಆಮೇಲೆ ಬಿಚ್ಚಿಟ್ಬಿಡ್ತೀನಿ."

"ಇವತ್ತು?"

"ಇವತ್ತು ಇನ್ನೂ ಬಿಚ್ಚಿಲ್ಲ."

"ಬಿಚ್ಬೇಡ" ಎಂದ ದರ್ಜಿ. ಫೋನನ್ನು ಕಿವಿಯಿಂದ ತೆಗೆಯದೆಯೇ ಜನರ ನಡುವೆ ನುಗ್ಗಿದ. "ಬಾಗಿಲ ಹತ್ರನೇ ಇರು. ನಾನು ಬರ್ತಾ ಇದೀನಿ."