ಕವಲೊಡೆದ ಪಾಲಿಮರಿನ ಬಣ್ಣ

ಪಾಲಿಮರಿನ ಸರಪಳಿ ಕವಲೊಡೆದರೆ ಅದರಲ್ಲಿ ದ್ರವಸ್ಫಟಿಕ ಸ್ಥಿತಿ ಉಳಿಯುವುದಿಲ್ಲವೆಂದು ಧಾರವಾಡದ ಪ್ರೊಫೆಸರ್ ನೀಲಕಂಠಪ್ಪ ಇಪ್ಪತ್ತು ವರ್ಷ ಪಾಠ ಮಾಡಿದ್ದರು. ಉಳಿಯುತ್ತದೆ ಎಂದವಳು, ದುರ್ದೈವಕ್ಕೆ, ಅವರದೇ ಪಿಎಚ್.ಡಿ. ವಿದ್ಯಾರ್ಥಿನಿ, ಹತ್ತಿರದ ಮುಗದ ಹಳ್ಳಿಯ ದ್ರಾಕ್ಷಾಯಿಣಿ.

ದ್ರವಸ್ಫಟಿಕವೆಂದರೆ ಹರಿಯುತ್ತಲೇ ಅಣುಗಳು ಸಾಲು ಹಿಡಿಯುವ ಸ್ಥಿತಿ. ಸಾಲು ಹಿಡಿಯಬೇಕಾದ ಕಡ್ಡಿಯಂಥ ಭಾಗಗಳನ್ನು ಕವಲಿಗೆ ಗಿಡ್ಡ ಕೊಂಡಿಯಿಂದ ಬಿಗಿದರೆ, ಕವಲು ಎಳೆದತ್ತ ಚೆಲ್ಲಾಪಿಲ್ಲಿಯಾಗುತ್ತವೆ. ಕೊಂಡಿ ಉದ್ದವಾದರೆ, ಕಣ್ಣಿ ಸಡಿಲಿಸಿದ ದನಗಳ ಹಾಗೆ, ತಾವಾಗಿಯೇ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಆದರೆ ಕವಲುಗಳ ಗೋಜಲಿನಲ್ಲಿ ಅದಕ್ಕೆ ವೇಳೆ ಬೇಕು. ಕರಗಿಸಿ ಸಾವಕಾಶ ತಣಿಸಿದರೆ, ಸಾಲು ಹಿಡಿದದ್ದಕ್ಕೆ ಸಾಕ್ಷಿಯಾಗಿ, ಸೂಕ್ಷ್ಮದರ್ಶಕದಲ್ಲಿ ಬಣ್ಣ ಅರಳುತ್ತದೆ. ಅವಸರ ಮಾಡಿದರೆ ಬರೇ ಕತ್ತಲೆ.

೨೦೦೧ರ ಬೇಸಿಗೆಯಲ್ಲಿ ಮೌಖಿಕ ಪರೀಕ್ಷೆ. ಕೊಲ್ಹಾಪುರದಿಂದ ಬಂದ ಪರೀಕ್ಷಕರು, “ಫೋಟೋ ಬ್ಯಾಡ್ರಿ, ಕಣ್ಣಲೆ ನೋಡೂಣು” ಎಂದರು. ಎರಡಕ್ಕೆ ಕರೆಂಟು ತೆಗೆಯುವ ಪಾಳಿ; ಮೂರಕ್ಕೆ ಅವರ ರೈಲು.

ದ್ರಾಕ್ಷಾಯಿಣಿ ಗಾಜಿನ ಪಟ್ಟಿಯ ಮೇಲೆ ಪಾಲಿಮರು ಕರಗಿಸಿದಳು. ನೀಲಕಂಠಪ್ಪನವರು ಬಿಸಿ ಗಾಜನ್ನು ಚಿಮಟಿಗೆಯಿಂದ ಎತ್ತಿ ತಣ್ಣನೆಯ ಕಲ್ಲಿನ ಮೇಲಿಟ್ಟರು. “ಲಗೂ ಆರ್ತೈತಿ.”

“ಸರ್, ಸಾವಕಾಶ ಆರಬೇಕ್ರಿ!”

“ನಿಮ್ಮವ್ವ ಹೋಳಿಗಿ ತಂದು ಕುಂತಾಳವಾ. ಸಾಹೇಬರಿಗೆ ಆರಿದ ಹೋಳಿಗಿ ತಿನಸ್ತೀಯೇನು?”

ಪರೀಕ್ಷಕರು ಕಣ್ಣಿಟ್ಟರು. ಕತ್ತಲೆ. “ಏನೂ ಕಾಣವೊಲ್ದು. ಊಟ ಮುಗಿಯೂದ್ರಾಗ ತೋರ್ಸಿದ್ರ ಡಿಗ್ರಿ ಕೊಡೂಣು. ಇಲ್ಲಾಂದ್ರ ಎಲ್ಲಾ ಹೊಸದಾಗಿ ಮಾಡವಾ.”

ನೀಲಕಂಠಪ್ಪ ಸೂತಕದ ಮನೆಗೆ ಬಂದವರಂತೆ ನಿಟ್ಟುಸಿರಿಟ್ಟು, ಅವರನ್ನು ಪಕ್ಕದ ಕೋಣೆಯ ಪಂಕ್ತಿಗೆ ಕರೆದೊಯ್ದರು. ಬಡಿಸುವವಳು ದ್ರಾಕ್ಷಾಯಿಣಿಯ ತಾಯಿ ಕಾಳವ್ವ.

ದ್ರಾಕ್ಷಾಯಿಣಿ ಒಬ್ಬಳೇ ಮತ್ತೆ ಕರಗಿಸಿ, ಕೈ ಕಟ್ಟಿ ಕಾದಳು. ಕತ್ತಲೆಯಲ್ಲಿ ಹಳದಿ ಮಿಣುಕಿತು, ನೀಲಿ ಹಬ್ಬಿತು. ಓಡಿದಳು. “ಸರ್, ಬಣ್ಣ ಬಂದಾವ್ರಿ! ಈಗ ಬರ್ರಿ, ಕರೆಂಟ್ ಹೋಗ್ತೈತಿ!”

ಪರೀಕ್ಷಕರು ಸಜ್ಜನರು, ಒಂದು ಮೊಣಕಾಲು ಎತ್ತಿಯೇಬಿಟ್ಟರು. ಕಾಳವ್ವ ಹೌಹಾರಿದಳು.

“ಅಯ್ಯ, ಎಲಿ ಬಿಟ್ಟು ನಡಕ ಏಳಬ್ಯಾಡ್ರಿ ಸಾಹೇಬ್ರ! ನನ್ನ ಮಗಳಿಗೆ ಒಳ್ಳೇದಾಗಂಗಿಲ್ಲ!” ಎಲೆಗೆ ಇನ್ನೊಂದು ಹೋಳಿಗೆ ಬಿತ್ತು, ಮೇಲೆ ತುಪ್ಪ.

“ಅವ್ವಾ, ಬಿಡಬೇ ಅವರನ್ನ!”

“ಸುಮ್ಕಿರ, ಕಲತಾಕಿ! ಉಣ್ಣೋರನ್ನ ಎಬ್ಬಸ್ತಾರೇನು?”

“ಹಡದಾಕಿ ಮಾತು ಮೀರಬಾರದ್ರಿ,” ಎಂದರು ನೀಲಕಂಠಪ್ಪ, ಬಹಳ ಮೃದುವಾಗಿ. “ಸಾಹೇಬರಿಗೆ ಇನ್ನೊಂದು ಹಾಕವಾ ತಾಯಿ.”

ಪರೀಕ್ಷಕರು ಕೂತರು. ಮೂರನೆಯ ಹೋಳಿಗೆ ಅರ್ಧವಾಗುವಾಗ ಕರೆಂಟು ಹೋಯಿತು, ಸೂಕ್ಷ್ಮದರ್ಶಕದ ದೀಪವೂ ಆರಿತು. ಕೈ ತೊಳೆದು, “ಕವಲು ತೆಗದು ಮಾಡವಾ, ಸಸಾರ ಆಗ್ತೈತಿ” ಎಂದು ಹೇಳಿ ಅವರು ಸ್ಟೇಶನ್ನಿಗೆ ಹೊರಟರು.

ಕಾಳವ್ವ ಮೆಲ್ಲಗೆ ಕೇಳಿದಳು: “ನಮ್ಮ ಹುಡುಗಿ ಪಾಸಾದ್ಳೇನ್ರಿ?”

“ಊಟ ಫಸ್ಟ್ ಕ್ಲಾಸ್ ಆತು ನೋಡವಾ,” ಎಂದರು ನೀಲಕಂಠಪ್ಪ, ಮೀಸೆಯ ತುಪ್ಪ ಒರೆಸಿಕೊಳ್ಳುತ್ತ.

ಕಾಳವ್ವನ ಕಿವಿಗೆ ಬಿದ್ದದ್ದು ‘ಫಸ್ಟ್ ಕ್ಲಾಸ್’ ಎಂಬ ಎರಡೇ ಶಬ್ದ. ಸೆರಗಿನಿಂದ ಕಣ್ಣೊರೆಸಿಕೊಂಡು, ಉಳಿದ ಹೋಳಿಗೆಯನ್ನು ಜವಾನರಿಗೆಲ್ಲ ಕರೆಕರೆದು ಹಂಚಿದಳು. ಕೊನೆಯದನ್ನು ಮಗಳ ಬಾಯಿಗೇ ಇಟ್ಟಳು.