ಬಾವ ಆರಿಸಿದ ಜನರೇಟರು

ಮಂಡ್ಯದ ಪಂಪ್‌ಸೆಟ್ ಅಂಗಡಿಯೊಂದರಲ್ಲಿ, ಹಾಡಹಗಲಲ್ಲಿ, ನನ್ನ ಗಂಡ ನಾಗರಾಜು ನನ್ನ ತಮ್ಮ ಸ್ವಾಮಿಯ ಕಪಾಳಕ್ಕೆ ಬಾರಿಸಿದ್ದು ಒಂದು ಜನರೇಟರಿನ ವಿಷಯಕ್ಕೆ. ಆಸ್ತಿಗಲ್ಲ, ಕೊನೇ ಪಕ್ಷ ಎಲೆಕ್ಷನ್ನಿಗೂ ಅಲ್ಲ. ಜನರೇಟರಿಗೆ ಹೊಡೆದಾಡಿದ ಮನೆತನ ಅಂತ ಇದ್ದರೆ ನಮ್ಮದೊಂದೇ ಇರಬೇಕು.

ನಮ್ಮದು ಮದ್ದೂರಿನಲ್ಲಿ ಬಾಡಿಗೆ ಗಾಡಿ ವ್ಯಾಪಾರ. ಮದುವೆ ದಿಬ್ಬಣ, ತಿರುಪತಿ, ಧರ್ಮಸ್ಥಳ ಅಂತ ಓಡಿ ಓಡಿ ಸವೆದಿದ್ದ ಒಂದು ಟಿಟಿ ಗಾಡಿಯ ಸೀಟೆಲ್ಲ ಕಿತ್ತು, ಎರಡು ಮಂಚ, ಗ್ಯಾಸ್ ಒಲೆ, ಸಣ್ಣ ಫ್ರಿಜ್ಜು, ಫ್ಯಾನು ಕೂರಿಸಿ ಓಡಾಡೋ ಮನೆ ಮಾಡಿದ್ದೆವು. ಮಳವಳ್ಳಿ ದಾಟಿ ಮುತ್ತತ್ತಿ ಕಡೆ ಹೊಳೆ ದಂಡೆಯಲ್ಲಿ ಎರಡು ದಿನ ಇದ್ದು ಬರೋರಿಗೆ ಬಾಡಿಗೆಗೆ ಕೊಡೋಣ ಅನ್ನೋ ಯೋಚನೆ ನನ್ನದೇ. ಗಾಡಿ ಓಡಿಸೋದರಲ್ಲಿ ನಾನು ನಾಗರಾಜುಗಿಂತ ಒಂದು ಕೈ ಮೇಲು, ಇದನ್ನು ಅವನೂ ಒಪ್ಪುತ್ತಾನೆ, ಕುಡಿದಾಗ. ಹೊಳೆ ದಂಡೆಯಲ್ಲಿ ಕರೆಂಟು ಎಲ್ಲಿಂದ ಬರಬೇಕು? ಅದಕ್ಕೇ ಜನರೇಟರು.

ಸ್ವಾಮಿಯನ್ನು ಕರೆದುಕೊಂಡು ಹೋಗಿದ್ದು ಅವನು ಲೈನ್‌ಮನ್ ಅಂತ. ನಮ್ಮ ತವರು ಬೆಸಗರಹಳ್ಳಿ ಸುತ್ತಮುತ್ತ ಯಾವ ಕಂಬಕ್ಕೆ ಏನಾದರೂ ಹತ್ತೋನು ಅವನೇ. ಅಂಗಡಿಯವನು ಎರಡು ತೋರಿಸಿದ. ಒಂದು ಸೂಟ್‌ಕೇಸಿನಷ್ಟಿತ್ತು, ಎರಡು ಕೆವಿಎ. ಚಾಲೂ ಮಾಡಿದರೆ ಪಕ್ಕದಲ್ಲೇ ನಿಂತು ಮಾತಾಡಬಹುದು. ಇನ್ನೊಂದು ಐದು ಕೆವಿಎ, ಕಬ್ಬಿಣದ ಚೌಕಟ್ಟಿನೊಳಗೆ ಬರೀ ಇಂಜಿನ್ನು. ಅದರ ಹಗ್ಗ ಎಳೆದಾಗ ಅಂಗಡಿಯ ಶಟರು ನಡುಗಿತು.

"ಬಾವ, ಫ್ರಿಜ್ಜು, ಫ್ಯಾನು, ಮಿಕ್ಸಿ, ನಾಕು ಲೈಟು. ಚಿಕ್ಕದೇ ಸಾಕು ಬುಡಿ" ಅಂದ ಸ್ವಾಮಿ. "ಈ ಇಂಜಿನ್ನು ಒಡ್ಕತಿದ್ರೆ ಒಳೆ ದಂಡೇಲಿ ಯಾವನು ಮನಿಕತಾನೆ?"

"ನಾಳೆ ಏಸಿ ಆಕುಸ್ತೀನಿ ಕಣ್ಲಾ. ಆಗ ನಿನ್ ಸೂಟ್‌ಕೇಸು ಎಳೆದಾತಾ?"

"ಏಸಿ ಬೇಕಾದೋರು ಲಾಡ್ಜಿಗೆ ಓಯ್ತಾರೆ, ನಿಮ್ ಗಾಡೀಗ್ಯಾಕೆ ಬತ್ತಾರೆ? ಸ್ಟೇರಿಂಗ್ ಬುಟ್ರೆ ಇನ್ನೇನ್ ಗೊತ್ತು ಬಾವ ನಿಮ್ಗೆ?"

ಅಂಗಡಿಯವನು ನಕ್ಕ. ಅವನು ನಗದಿದ್ದರೆ ಏನೂ ಆಗುತ್ತಿರಲಿಲ್ಲ. ನಾಗರಾಜು ಕೈ ಬೀಸಿದ. ಸ್ವಾಮಿ ತಲೆ ತಗ್ಗಿಸಿ ಟಗರಿನ ಹಾಗೆ ಗುಮ್ಮಿದ. ಇಬ್ಬರೂ ಪೈಪಿನ ರಾಶಿ ಮೇಲೆ ಬಿದ್ದು, ಒಬ್ಬರ ಕುತ್ತಿಗೆ ಒಬ್ಬರು ಹಿಡಿದುಕೊಂಡು ಉರುಳಾಡಿದರು. ನನ್ನ ತಮ್ಮನ ತುಟಿ ಸೀಳಿತು, ಗಂಡನ ಮೂಗಲ್ಲಿ ರಕ್ತ ಬಂತು. ನಾನು ಚಪ್ಪಲಿ ಬಿಚ್ಚಿ ಇಬ್ಬರ ಬೆನ್ನಿಗೂ ಸಮನಾಗಿ ಹಂಚಿದೆ. ಕೊನೆಗೆ ನಾಗರಾಜು ಮೂಗು ಒರೆಸಿಕೊಂಡು ಎದ್ದು, ಆ ದೊಡ್ಡ ಇಂಜಿನ್ನು ತೋರಿಸಿ, "ಅದ್ನೇ ಕಟ್ಟಪ್ಪ" ಅಂದ. ನಾನು ಚಿಕ್ಕದೇ ಇರಲಿ ಅಂದೆ. ನನ್ನ ಮಾತು ಅಲ್ಲಿದ್ದ ಪೈಪಿಗೂ ಕೇಳಲಿಲ್ಲ.

ನಮ್ಮ ಕಡೆ ಬಾವ ಬಾಮೈದ ಕಿತ್ತಾಡಿದರೆ ಯಾರೂ ಸ್ಟೇಷನ್ನಿಗೆ ಹೋಗಲ್ಲ. ಹಿರಿಯರು ಇಬ್ಬರನ್ನೂ ಕರೆಸಿ ಬೈದು, ಒಂದು ಮರಿ ಕಡಿಸಿ, ಒಂದೇ ಸಾಲಿನಲ್ಲಿ ಕೂರಿಸಿ ಬಾಡೂಟ ಬಡಿಸುತ್ತಾರೆ. ಮೂಳೆ ಚೀಪುವಾಗ ಕೋಪ ಇಟ್ಟುಕೊಳ್ಳೋದು ಕಷ್ಟ ಅಂತ ಅವರಿಗೆ ಗೊತ್ತು. ನಮ್ಮ ದೊಡ್ಡಪ್ಪ ಹೊನ್ನಯ್ಯ ಅದೇ ಏರ್ಪಾಡು ಮಾಡಿದ. ಬೆಸಗರಹಳ್ಳಿಯ ಅವನ ತೆಂಗಿನ ತೋಟದಲ್ಲಿ, ಒಂದು ಭಾನುವಾರ. "ಗಾಡೀನೂ ತತ್ತಾ ಕಣವ್ವ ವನಜಾ, ಎಲ್ರೂ ನೋಡ್ಲಿ" ಅಂದಿದ್ದ. ಜನರೇಟರಿನ ಸಮೇತ ಹೋದೆವು.

ಸ್ವಾಮಿ ಬಂದ. ತುಟಿಯ ಗಾಯ ಇನ್ನೂ ಕಪ್ಪಗಿತ್ತು. ನಾಗರಾಜು ಅವನ ಹೆಗಲ ಮೇಲೆ ಕೈ ಹಾಕಿದ. ಇಬ್ಬರೂ ಕ್ಷಮೆ ಗಿಮೆ ಅಂತೇನೂ ಕೇಳಲಿಲ್ಲ, ಗಂಡಸರು ತಾನೇ. ಮಿಕ್ಸಿಗೆ ಮಸಾಲೆ ಹಾಕಬೇಕಿತ್ತು. ನಾಗರಾಜು ಜನರೇಟರಿನ ಹತ್ತಿರ ಹೋದಾಗ ಸ್ವಾಮಿಯೇ ತಡೆದ.

"ತಲೆ ಮೇಲೆ ತಂತಿ ಓಗ್ತಾ ಅದೆ, ಪೆಟ್ರೋಲ್ ಯಾಕ್ ಬಾವ ಸುಡ್ತೀರಿ? ತಾಳಿ, ನಾನೇ ಆಕ್ಕೊಡ್ತೀನಿ."

ಬಿದಿರು ಗಳು ತಂದು, ವೈರಿನ ತುದಿ ಬಗ್ಗಿಸಿ, ತೋಟದ ಮೇಲೆ ಹೋಗೋ ಲೈನಿಗೆ ತನ್ನ ಕೈಯಾರೆ ಕೊಕ್ಕೆ ತೂಗು ಹಾಕಿದ. ಅದು ಅವನ ಕಡೆಯಿಂದ ರಾಜಿ. ಕರೆಂಟು ಇಲ್ಲದ ಜಾಗಕ್ಕೆ ಅಂತ ಕಟ್ಟಿದ ಗಾಡಿ ಮೊದಲನೇ ದಿನವೇ ಲೈನಿಗೆ ಕೊಕ್ಕೆ ಹಾಕಿಕೊಂಡು ನಿಂತಿತು. ನಮ್ಮ ಸೀಮೆಯಲ್ಲಿ ತಂತಿ ಕಂಡರೆ ಕೈ ಸುಮ್ಮನಿರಲ್ಲ, ಲೈನ್‌ಮನ್ನಿನ ಕೈಯೂ ಅಷ್ಟೇ.

ಮಸಾಲೆ ಅರ್ಧ ಅರೆದಾಗಿತ್ತು, ಗಾಳಿ ಎದ್ದಿತು. ಕಬ್ಬಿನ ಗದ್ದೆಯ ಆಚೆ ತೆಂಗಿನ ಗರಿಯೊಂದು ಮುರಿದು ಲೈನಿನ ಮೇಲೆ ಬಿತ್ತು. ಮಿಕ್ಸಿ ನಿಂತಿತು. ಸ್ವಾಮಿ ತಿನ್ನುತ್ತಿದ್ದ ಬೋಟಿ ಬಿಟ್ಟು ಎದ್ದ. ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿ ಫ್ಯೂಸೆಲ್ಲ ಕಿತ್ತ.

"ಫ್ಯೂಸ್ ಕಿತ್ತಿವ್ನಿ ಅಕ್ಕ, ಇನ್ ಲೈನು ಸತ್ತಂಗೆ. ಗರಿ ತಗ್ದು ಬಂದ್ಬುಡ್ತೀನಿ, ತಲೆಮಾಂಸ ನಂಗಿರ್ಲಿ!" ಅಂತ ಕೂಗಿ ಗದ್ದೆಯ ಆಚೆ ಕಂಬ ಹತ್ತಿದ. ಕೊಕ್ಕೆ ತೆಗೆಯಲಿಲ್ಲ. ಇನ್ನೊಂದು ಗಳಿಗೆಗೆ ಕರೆಂಟು ಬರುತ್ತೆ, ಮತ್ತೆ ಯಾಕೆ ತೂಗು ಹಾಕೋದು ಅಂದುಕೊಂಡಿರಬೇಕು.

ನಾನು ಒಲೆ ಮುಂದೆ ಇದ್ದೆ. ಹಿಂದುಗಡೆ ನಾಗರಾಜು ದೊಡ್ಡಪ್ಪನ ಮಕ್ಕಳಿಗೆ, "ಈಗ ನೋಡ್ರೋ ನಮ್ ಇಂಜಿನ್ ತಾಕತ್ತ" ಅನ್ನೋದು ಕೇಳಿಸಿತು. ಸ್ವಾಮಿ ಕಂಬ ಹತ್ತಿದ್ದನ್ನು ಅವನೂ ನೋಡಿದ್ದ. ನೋಡಿಯೂ ಅವನ ತಲೆಗೆ ಹೋಗಲಿಲ್ಲ. ಕೊಕ್ಕೆಯ ವೈರು ಬಂದು ಸೇರಿದ್ದ ಬೋರ್ಡಿಗೇ ಜನರೇಟರಿನ ವೈರೂ ಚುಚ್ಚಿ ಹಗ್ಗ ಎಳೆದ. ಮಿಕ್ಸಿ ಗುರ್ರ್ ಅಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೋರ್ಡಿಗೆ ಬಂದ ಕರೆಂಟು ಮಿಕ್ಸಿಗೆ ಹೋಗಿ ಸುಮ್ಮನಾಗುತ್ತಾ? ಕೊಕ್ಕೆ ಇನ್ನೂ ಮೇಲೆ ನೇತಾಡುತ್ತಿತ್ತು. ಕರೆಂಟು ಆ ವೈರು ಹಿಡಿದು ಲೈನಿಗೆ ಏರಿತು, ಲೈನು ಹಿಡಿದು ಕಂಬಕ್ಕೆ ಹೋಯಿತು. ಕಂಬದ ಮೇಲೆ ನನ್ನ ತಮ್ಮ ಇದ್ದ.

ನಾನು ತಲೆ ಎತ್ತಿದಾಗ ಸ್ವಾಮಿ ಬಲಗೈಯಲ್ಲಿ ತಂತಿ ಹಿಡಿದು ಹಿಂದಕ್ಕೆ ಬಿಲ್ಲಿನಂತೆ ಬಾಗಿದ್ದ. ಬಾಯಿ ತೆರೆದಿತ್ತು. ಸದ್ದು ಬರುತ್ತಿರಲಿಲ್ಲ, ಬಂದಿದ್ದರೂ ಆ ಇಂಜಿನ್ನಿನ ಮುಂದೆ ಕೇಳುತ್ತಿರಲಿಲ್ಲ. "ಆರ್ಸೋ! ಆರ್ಸೋ ಲೋ!" ಅಂತ ಅರಚಿದೆ. ನಾಗರಾಜು ಕಿವಿಗೆ ಕೈ ಇಟ್ಟು, ಏನು ಅಂತ ನಗುತ್ತಾ ಕೇಳಿದ. ಬಾಡು ಕೊಚ್ಚುತ್ತಿದ್ದ ಕೊರಡಿನ ಮೇಲಿದ್ದ ಮಚ್ಚು ಕಿತ್ತುಕೊಂಡು ಓಡಿದೆ. ಅವನು ಹೆದರಿ ಪಕ್ಕಕ್ಕೆ ಹಾರಿದ. ನಾನು ಬೀಸಿದ್ದು ಕೊಕ್ಕೆಯ ವೈರಿಗೆ. ಮರದ ಹಿಡಿ ಇತ್ತು, ಉಳಿದೆ. ಕಿಡಿ ಹಾರಿತು, ವೈರು ತುಂಡಾಗಿ ಜೋತುಬಿತ್ತು, ಆಚೆ ಸ್ವಾಮಿ ಕಂಬದಿಂದ ಕಬ್ಬಿನ ಗದ್ದೆಗೆ ಮೂಟೆಯಂತೆ ಬಿದ್ದ.

ಆಗ ನಾಗರಾಜುಗೆ ಅರ್ಥವಾಯಿತು. ಅವನ ಮುಖ ಬೂದಿಯಾಯಿತು. ನನಗಿಂತ ಮೊದಲು ಅವನೇ ಓಡಿದ.

ಗದ್ದೆಯಲ್ಲಿ ನೀರು ಬಿಟ್ಟಿದ್ದರು, ಕೆಸರು. ಸ್ವಾಮಿಗೆ ಉಸಿರಿರಲಿಲ್ಲ. ನಾಗರಾಜು ಅವನ ಮೇಲೆ ಮಂಡಿಯೂರಿ, ಎರಡೂ ಕೈ ಜೋಡಿಸಿ ಎದೆಗೆ ಗುದ್ದತೊಡಗಿದ. ಒಂದು ಸಲ ಸ್ವಾಮಿ ಆಫೀಸಿನಲ್ಲಿ ಕಲಿತು ಬಂದು ನಮ್ಮ ಮನೆಯ ದಿಂಬಿನ ಮೇಲೆ ಹಾಗೆ ಮಾಡಿ ತೋರಿಸಿದ್ದ. ಕರೆಂಟು ಹೊಡೆದೋನ ಎದೆ ಹೀಗೆ ಅದುಮಬೇಕು ಬಾವ, ಮೂಳೆ ಮುರಿದರೂ ಬಿಡಬಾರದು ಅಂದಿದ್ದ. ನಾಗರಾಜು ಆಗ ನಕ್ಕಿದ್ದ. ಆದರೂ ನೆನಪಿಟ್ಟುಕೊಂಡಿದ್ದ.

ದೊಡ್ಡಪ್ಪನಿಗೂ ಅವನ ಇಬ್ಬರು ಮಕ್ಕಳಿಗೂ ಇದು ಯಾವುದೂ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಅಂಗಡಿಯ ಜಗಳ ಒಂದೇ. ಅವರು ಕಂಡಿದ್ದು ಜನರೇಟರು ಚಾಲೂ ಮಾಡಿ ಬಾಮೈದನನ್ನು ಉರುಳಿಸಿ, ಬಿದ್ದವನ ಎದೆ ಮೇಲೆ ಕೂತು ಗುದ್ದುತ್ತಿರೋ ಬಾವನನ್ನು.

"ಅಂಗ್ಡೀಲಿ ಒಡೆದಿದ್ದು ಸಾಲ್ದೆ ಕೊಂದೇ ಆಕ್ಬುಟ್ನಲ್ರೋ!" ಅಂತ ದೊಡ್ಡಪ್ಪ ಕೂಗಿದ.

ಸೌದೆ ಹಿಡಿದು ಬಂದರು. ಮೊದಲ ಏಟು ನಾಗರಾಜುವಿನ ಬೆನ್ನಿಗೆ ಬಿತ್ತು. ಎರಡನೆಯದು ಕಿವಿಗೆ. ದೊಡ್ಡ ಮಗ ಕೂದಲು ಹಿಡಿದು ಎಳೆದು ಬಾಯಿಗೆ ಗುದ್ದಿದ, ಹಲ್ಲು ಉದುರಿತು. ನಾಗರಾಜು ಕೈ ಎತ್ತಲಿಲ್ಲ. ಕೆಸರಿನಲ್ಲಿ ತೆವಳಿಕೊಂಡು ಮತ್ತೆ ಸ್ವಾಮಿಯ ಹತ್ತಿರ ಬಂದು ಮತ್ತೆ ಅದುಮಿದ. ಮತ್ತೆ ಎಳೆದರು, ಮತ್ತೆ ತೆವಳಿದ. ಅವನ ಬಾಯಿಯ ರಕ್ತ ನನ್ನ ತಮ್ಮನ ಅಂಗಿ ಮೇಲೆ ತೊಟ್ಟಿಕ್ಕುತ್ತಿತ್ತು.

ನಿಜ ಹೇಳ್ತೀನಿ, ನಾನು ಮಚ್ಚು ಹಿಡಿದು ಗದ್ದೆಗೆ ಓಡಿ ಬಂದದ್ದು ಗಂಡನನ್ನು ಕಡಿಯೋದಕ್ಕೇ. ಆ ನಗು ಇನ್ನೂ ಕಣ್ಣ ಮುಂದೆ ಇತ್ತು. ಹತ್ತಿರ ಬಂದಾಗ ಅವನು ಗುದ್ದುತ್ತಾ, "ಉಸ್ರಾಡ್ಲಾ ಸ್ವಾಮಿ, ಉಸ್ರಾಡ್ಲಾ" ಅಂತಿದ್ದದ್ದು ಕೇಳಿಸಿತು. ನಾನು ತಿರುಗಿ ನಿಂತೆ.

"ಅವನ್ನ ಗುದ್ದಕ್ ಬುಡ್ರೋ!"

ಯಾರೂ ಕೇಳಲಿಲ್ಲ. ದೊಡ್ಡ ಮಗ ಮತ್ತೆ ಸೌದೆ ಎತ್ತಿದ. ಮಚ್ಚಿನ ಬೆನ್ನಿನಿಂದ ಅವನ ಮುಂಗೈಗೆ ಹೊಡೆದೆ. ಮೂಳೆಯ ಸದ್ದು ಬಂತು, ಅವನು ಕೂಗುತ್ತಾ ಕೂತ. ದೊಡ್ಡಪ್ಪ ನನ್ನ ಕಡೆ ಬಂದ. ನನ್ನನ್ನು ಎತ್ತಿ ಆಡಿಸಿದ ದೊಡ್ಡಪ್ಪ. ಮಚ್ಚು ತಿರುಗಿಸಿ ಅಲಗು ಅವನ ಕಡೆ ಮಾಡಿದೆ.

"ಇನ್ನೊಂದೆಜ್ಜೆ ಇಟ್ರೆ ಕತ್ತರುಸ್ಬುಡ್ತೀನಿ ದೊಡ್ಡಪ್ಪ. ಇವ್ನು ಕೈ ನಿಲ್ಸುದ್ರೆ ಸ್ವಾಮಿ ಸಾಯ್ತಾನೆ. ಆಮೇಲ್ ಬೇಕಾದ್ರೆ ಇಬ್ರೂವೆ ಸೇರಿ ಇವನ್ನ ಕೊಲ್ಲವ."

ದೊಡ್ಡಪ್ಪ ನಿಂತ. ನನ್ನ ಮಾತು ನಂಬಿದನೋ, ಮಚ್ಚು ನಂಬಿದನೋ ಗೊತ್ತಿಲ್ಲ. ನಾಗರಾಜು ಅದುಮುತ್ತಲೇ ಇದ್ದ. ಸ್ವಾಮಿಯ ಪಕ್ಕೆಯೊಳಗೆ ಏನೋ ಲಟಕ್ ಅಂತು, ಆದರೂ ಬಿಡಲಿಲ್ಲ. ಇನ್ನು ಆಗಲ್ಲ ಅಂದುಕೊಳ್ಳುವಾಗ ಸ್ವಾಮಿ ಕೆಮ್ಮಿದ. ಕೆಸರು ನೀರು ಕಕ್ಕಿ ನರಳಿದ. ನನಗೆ ಅಳು ಬರಲಿಲ್ಲ. ಎಲ್ಲರಿಗೂ ಬಾಯಿಗೆ ಬಂದಂತೆ ಬೈದೆ.

ಈ ಗಲಾಟೆಯಲ್ಲಿ ದೊಡ್ಡಪ್ಪನ ಚಿಕ್ಕ ಮಗ ನಮ್ಮ ಗಾಡಿಯ ಮುಂದಿನ ಗಾಜಿಗೆ ಕಲ್ಲು ಹಾಕಿದ್ದ. ಸೀಟಿನ ಮೇಲೆಲ್ಲ ಗಾಜಿನ ಚೂರು. ಅದರ ಮೇಲೇ ಕೂತು ಓಡಿಸಿದೆ. ಹಿಂದೆ ಹೊಸ ಮಂಚದ ಮೇಲೆ ಸ್ವಾಮಿ, ಅವನ ಕುತ್ತಿಗೆ ಅಲುಗಾಡದ ಹಾಗೆ ತೊಡೆಯ ನಡುವೆ ಹಿಡಿದುಕೊಂಡು ನಾಗರಾಜು. ಕಣ್ಣು ಊದಿ ಮುಚ್ಚಿಹೋಗಿತ್ತು, ಅವನಿಗೆ ದಾರಿ ಕಾಣುತ್ತಿರಲಿಲ್ಲ. "ಬಂತಾ ಮದ್ದೂರು? ಬಂತಾ?" ಅಂತ ದಾರಿಯುದ್ದಕ್ಕೂ ಕೇಳುತ್ತಿದ್ದ. ಜನರೇಟರು ತೋಟದಲ್ಲೇ ಉಳಿಯಿತು. ಆರಿಸಬೇಕು ಅನ್ನೋದು ಯಾರಿಗೂ ಹೊಳೆಯದೆ, ಪೆಟ್ರೋಲು ಮುಗಿಯೋವರೆಗೂ ಹೊಡೆದುಕೊಳ್ಳುತ್ತಲೇ ಇತ್ತಂತೆ.

ಮದ್ದೂರಿನಿಂದ ಮಂಡ್ಯಕ್ಕೆ ಕಳಿಸಿದರು. ಜೀವ ಉಳಿಯಿತು. ಪಕ್ಕೆಲುಬು ಮುರಿದಿತ್ತು, ಮುರಿಯೋ ಹಾಗೆ ಅದುಮಿದ್ದರಿಂದಲೇ ಉಳಿದ ಅಂದರು ಡಾಕ್ಟರು. ತಂತಿ ಹಿಡಿದಿದ್ದ ಬಲಗೈ ಸುಟ್ಟು ಕರಕಲಾಗಿತ್ತು. ಹೆಬ್ಬೆರಳು ಬಿಟ್ಟು ಮಿಕ್ಕ ಬೆರಳೆಲ್ಲ ತೆಗೆದರು. ಅದನ್ನು ಅವನಿಗೆ ಹೇಳಬೇಕಾದವಳು ನಾನು. ಪ್ರಜ್ಞೆ ಬಂದು ಕಣ್ಣು ಬಿಟ್ಟಾಗ ಹೇಳೋಣ ಅಂತ ಬಾಯಿ ತೆಗೆದೆ, ಆಗಲಿಲ್ಲ.

ಸ್ವಾಮಿಯ ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ನಾಗರಾಜು ನಿಂತಿದ್ದ, ಒಳಗೆ ಬರೋ ಧೈರ್ಯ ಇಲ್ಲದೆ.

"ಬಾವುನ್ ಮೊಕ ಯಾಕಂಗದೆ? ಯಾರ್ ಒಡೆದ್ರು?"

"ದೊಡ್ಡಪ್ಪ. ಅವನ್ ಮಕ್ಳು."

"ನೀನು?"

"ಕಡೀಬೇಕು ಅಂತ್ಲೇ ಬಂದೆ ಕಣಪ್ಪ. ಆಗ್ನಿಲ್ಲ."

ಸ್ವಾಮಿ ಎದೆ ನೋವಿಗೆ ಮುಖ ಕಿವುಚಿದ.

"ಇಲ್ಲಿ ಬಾ ಬಾವ" ಅಂದ. ಯಾವತ್ತೂ ಬನ್ನಿ ಅನ್ನೋನು, ಅವತ್ತು ಬಾ ಅಂದ. "ಎಲ್ರೂ ಒಡೆದವ್ರೆ. ನಂದೊಂದು ಬಾಕಿ ಅದೆ."

ನಾಗರಾಜು ಬಂದ. ಮಂಚದ ಪಕ್ಕ ಬಗ್ಗಿ, ಊದಿದ ಕೆನ್ನೆಯನ್ನು ಅವನ ಮುಂದೆ ಒಡ್ಡಿ ಕಣ್ಣು ಮುಚ್ಚಿದ. ಸ್ವಾಮಿ ಬಲಗೈ ಎತ್ತಿದ. ಬಿಳೀ ಬಟ್ಟೆ ಸುತ್ತಿದ ಆ ಕೈಯನ್ನು ಮುಖದ ಹತ್ತಿರ ತಂದು ನೋಡಿದ. ಬಿಗಿ ಮಾಡಲು ಹೋದ, ಇನ್ನೊಂದು ಸಲ ಹೋದ.

"ಮುಷ್ಟಿ ಯಾಕೆ ಆಯ್ತಿಲ್ಲ ಅಕ್ಕ?" ಅಂದ.

ನಾಗರಾಜು ತಲೆ ಎತ್ತಲಿಲ್ಲ, ಏಟಿಗೆ ಕಾಯುತ್ತಾ ಹಾಗೇ ಬಗ್ಗಿ ನಿಂತಿದ್ದ.